ಅಕ್ಕನ ಎರಡು ಫೋಟೋಗಳು

ಲಷ್ಕರ್ ಮೊಹಲ್ಲಾ, ಮೈಸೂರು
೧೦ ಆಗಸ್ಟ್ ೧೯೫೯

ಪ್ರೀತಿಯ ಅಕ್ಕ,

ನೀನು ಕ್ಷೇಮವೇ, ಅವ್ವ ಕ್ಷೇಮವೇ ಎಂದು ಮೊದಲ ಸಾಲಿನಲ್ಲೇ ಕೇಳಿದ್ದೇನೆ, ನೋಡಿಕೊ. ಕಳೆದ ಸಲ ಮರೆತದ್ದಕ್ಕೆ ಮೂರನೇ ಕ್ಲಾಸಿನ ಹುಡುಗನಿಗೆ ಬೈದ ಹಾಗೆ ನೀನು ಬೈದಿದ್ದೆ. ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಿನ್ನ ಕೈಗೆ ಸಿಕ್ಕಿರುವ ಮಕ್ಕಳನ್ನು ನೆನೆದರೆ ಅಯ್ಯೋ ಎನಿಸುತ್ತದೆ.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಜ್ವರವಿಲ್ಲ, ನೆಗಡಿಯಿಲ್ಲ, ಕೂತ ಕಡೆ ಕೂರಲಾಗುತ್ತಿಲ್ಲ, ಅಷ್ಟೆ. ಬೆಳಿಗ್ಗೆ ಫೋಟೋಗ್ರಫಿ ತರಗತಿ, ಮಧ್ಯಾಹ್ನದ ಮೇಲೆ ಗುರುಮಲ್ಲಪ್ಪನವರ ಸ್ಟುಡಿಯೋದಲ್ಲಿ ಕೆಲಸ ಕಲಿಯುವುದು, ರಾತ್ರಿ ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗುವುದು. ತರಗತಿಯ ಮೇಷ್ಟ್ರು ಹೇಳುವುದು ಒಂದಾದರೆ ಗುರುಮಲ್ಲಪ್ಪನವರು ಹೇಳುವುದು ಪೂರಾ ಉಲ್ಟಾ. ಮುಖದ ಮೇಲೆ ಏನಿದೆಯೋ ಅದೆಲ್ಲ ಫೋಟೋದಲ್ಲಿ ಇರಲೇಬೇಕು, ತಿದ್ದುವುದು ಕಳ್ಳತನ ಎನ್ನುತ್ತಾರೆ ಮೇಷ್ಟ್ರು. ಅದನ್ನು ಗುರುಮಲ್ಲಪ್ಪನವರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಇರೋ ಮುಖ ತೋರ್ಸೋಕೆ ಮನೇಲಿ ಕನ್ನಡಿ ಇಲ್ವೇನಯ್ಯ? ಅದು ಸಾಲ್ದು ಅಂತ್ಲೇ ಜನ ನಮ್ಮತ್ರ ಬರೋದು" ಎಂದರು.

ನನ್ನನ್ನು ಟಚಿಂಗ್‌ಗೆ ಕೂರಿಸಿದ್ದಾರೆ. ಕಿಟಕಿಯ ಪಕ್ಕ ಇಳಿಜಾರಾದ ಮೇಜು, ಅದರ ನಡುವೆ ಗಾಜು, ಗಾಜಿನ ಮೇಲೆ ನೆಗೆಟಿವ್. ಗಿರಾಕಿಯ ಮುಖದ ಕಲೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಲ್ಲಿ ಮುಚ್ಚಬೇಕು. ನೆಗೆಟಿವ್‌ನಲ್ಲಿ ಕಪ್ಪು ತುಂಬಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಕತ್ತು ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಎದ್ದು ಬೀದಿಗೆ ಓಡಿಹೋಗೋಣ ಎನಿಸುತ್ತದೆ.

ಓಡಲು ಒಂದು ನೆಪವೂ ಸಿಕ್ಕಿದೆ. ನಮ್ಮ ಜನದ ಹಾಸ್ಟೆಲಿನ ಸಂಘದವರು, ಹಳ್ಳಿಗಳಿಂದ ಬಂದು ಮೈಸೂರಿನಲ್ಲಿ ನೆಲೆ ನಿಂತವರ ಫೋಟೋಗಳನ್ನು ಮನೆಮನೆಗೆ ಹೋಗಿ ತೆಗೆಸಿ ಹಾಸ್ಟೆಲ್ ಹಜಾರದಲ್ಲಿ ಹಾಕಬೇಕೆಂದಿದ್ದಾರೆ. ಗುರುಮಲ್ಲಪ್ಪನವರು ಒಪ್ಪಿಕೊಂಡು ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಮೊನ್ನೆ ಬನ್ನಿಮಂಟಪದ ಕಡೆ ಬೀರಮ್ಮ ಎಂಬ ಅಜ್ಜಿಯ ಮುಂದೆ ಕ್ಯಾಮೆರಾ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, "ಮೊಕ ಮುಚ್ಕಂಡು ಏನ್ ನೋಡೀಯೋ, ಈಚೆಗ್ ಬಾ" ಎಂದು ಗದರಿದಳು. ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಳೆ.

ದಸರಾ ವಸ್ತುಪ್ರದರ್ಶನದಲ್ಲಿ ಈ ಸಲ ಫೋಟೋ ಸ್ಪರ್ಧೆಯೂ ಇದೆ. ಏನಾದರೂ ಒಂದು ಕಳಿಸಲೇಬೇಕೆಂದು ತಲೆ ಕೊರೆಯುತ್ತಿದೆ. ಯಾವುದೂ ಸಮವಾಗಿ ಬರುತ್ತಿಲ್ಲ.

ನಿನ್ನ ತಮ್ಮ,
ಚೆಲುವರಾಜು


ಮದ್ದೂರು
೧೮ ಆಗಸ್ಟ್ ೧೯೫೯

ಚೆಲುವ,

ನಾವಿಬ್ಬರೂ ಕ್ಷೇಮ. ಅವ್ವನ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಮಂಡ್ಯದಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಬಸವರಾಜು, ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ತಂದೆಯಿಲ್ಲ, ತಾಯಿ ಚಾಮುಂಡಮ್ಮ. ಓದಿದ ಹುಡುಗಿ ಬೇಕಂತೆ, ಕೆಲಸ ಬಿಡಿಸುವುದಿಲ್ಲವಂತೆ. ಮೊದಲು ಫೋಟೋ ಕಳಿಸಿ, ಆಮೇಲೆ ಬಂದು ನೋಡುತ್ತೇವೆ ಎಂದಿದ್ದಾರೆ. ಬರುವ ಭಾನುವಾರ ನಾನು ಮೈಸೂರಿಗೆ ಬರುತ್ತೇನೆ, ನೀನು ಫೋಟೋ ತೆಗೆ. ಅದರಲ್ಲಿ ಸಿಡುಬಿನ ಕಲೆ ಒಂದೂ ಇರಕೂಡದು.

ನೀನು ಏನು ಹೇಳುತ್ತೀಯೋ ನನಗೆ ಗೊತ್ತು. ನಿನ್ನ ಮೇಷ್ಟ್ರ ಪಾಠ ನನಗೆ ಒಪ್ಪಿಸಬೇಡ. ಇಪ್ಪತ್ತೇಳು ತುಂಬಿತು ನನಗೆ. ಇದುವರೆಗೆ ಬಂದ ಸಂಬಂಧಗಳೆಲ್ಲ ದಾರಿಯಲ್ಲೇ ಮುರಿದವು. ಯಾರೋ ಒಬ್ಬರು "ಹುಡುಗಿ ಮೊಕದ್ ತುಂಬಾ ಅಮ್ಮನ ಕಲೆ ಅಂತೆ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಒಬ್ಬರಾದರೂ ನಮ್ಮ ಹೊಸಿಲು ದಾಟಿ ಒಳಗೆ ಬಂದು, ನನ್ನ ಮುಖ ನೋಡಿ, ಬೇಡ ಎಂದಿಲ್ಲ. ನೋಡಿ ಬೇಡವೆಂದರೆ ತಡೆದುಕೊಳ್ಳುತ್ತೇನೆ ಕಣೋ. ನೋಡದೆ ಬೇಡವೆನ್ನುವುದು ಹೊಟ್ಟೆ ಉರಿಸುತ್ತದೆ.

ಆ ಮನುಷ್ಯ ಒಂದು ಸಲ ಬಂದು ನನ್ನ ಎದುರಿಗೆ ಕೂರಲಿ. ಅರ್ಧ ಗಂಟೆ ಮಾತಾಡಲಿ. ಕಲೆ ಕಂಡೇ ಕಾಣುತ್ತದೆ, ನಾನೇನು ಮುಸುಕು ಹಾಕಿಕೊಂಡು ಕೂರುವುದಿಲ್ಲ. ಆಮೇಲೆ ಅವನಿಷ್ಟ, ನನ್ನಿಷ್ಟ. ನಿನ್ನ ಪೆನ್ಸಿಲ್ಲು ಅವನನ್ನು ನಮ್ಮ ಬಾಗಿಲ ತನಕ ಕರೆತಂದರೆ ಸಾಕು, ಮಿಕ್ಕದ್ದು ನನಗೆ ಬಿಡು.

ಹಸಿರು ಅಂಚಿನ ಸೀರೆ ಉಟ್ಟು ಬರುತ್ತೇನೆ. ನಿಮ್ಮ ಸ್ಟುಡಿಯೋದ ಪ್ಲಾಸ್ಟಿಕ್ ಹೂವಿನ ಕುಂಡ ನನ್ನ ಪಕ್ಕ ಇಡಕೂಡದು.

ನಿನ್ನ ಅಕ್ಕ,
ಕಮಲ


ಮೈಸೂರು
೭ ಸೆಪ್ಟೆಂಬರ್ ೧೯೫೯

ಅಕ್ಕ,

ಇದರ ಜೊತೆ ನಿನ್ನ ಫೋಟೋ ಇದೆ. ಮಡಚದೆ ರಟ್ಟಿನ ನಡುವೆ ಇಟ್ಟು ಕಳಿಸಿದ್ದೇನೆ.

ಈ ಒಂದು ನೆಗೆಟಿವ್‌ಗೆ ಪಟ್ಟ ಪಾಡು ನನಗೇ ಗೊತ್ತು. ಎಡಗೆನ್ನೆ ಮುಗಿಸುವಷ್ಟರಲ್ಲಿ ಕಣ್ಣು ಮಂಜಾಯಿತು. ಗುರುಮಲ್ಲಪ್ಪನವರು ಬಂದು ಬಗ್ಗಿ ನೋಡಿ, "ಇಷ್ಟು ಸಣ್ಣದಾಗಿ ಕೆಲ್ಸ ಮಾಡೋದು ನಿಂಗೆ ಬರ್ತದೆ ಅಂತ ಗೊತ್ತಿರ್ಲಿಲ್ಲ ಕಣಯ್ಯ" ಎಂದು ಬೆನ್ನು ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ಕೆಲಸ ಚೆನ್ನಾಗಿ ಬಂದಷ್ಟೂ ನೀನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಕೊನೆಗೆ ಅಲ್ಲಿ ಕೂತಿದ್ದವಳು ಯಾರೋ ಲಕ್ಷಣವಾದ ಹುಡುಗಿ, ನನಗೆ ಪರಿಚಯವಿಲ್ಲ.

ಅವತ್ತು ನಾನು ಎರಡು ಫೋಟೋ ತೆಗೆದೆ, ನೆನಪಿದೆಯಾ? ಒಂದರಲ್ಲಿ ನಾನು ಹೇಳಿದ ಹಾಗೆ ನೀನು ನೆಟ್ಟಗೆ ಕೂತಿದ್ದೆ. ಇನ್ನೊಂದು, ಮುಗಿಯಿತು ಎಂದುಕೊಂಡು ನೀನು ಕಿಟಕಿಯ ಕಡೆ ತಿರುಗಿ ನನಗೆ ಏನೋ ಬೈಯುತ್ತಿದ್ದಾಗ ತೆಗೆದದ್ದು. ಅದಕ್ಕೆ ಪೆನ್ಸಿಲ್ಲು ತಾಗಿಸಿಲ್ಲ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಒಂದೊಂದು ಕಲೆಯೂ ಕಾಣುತ್ತದೆ, ಕಣ್ಣಿನ ಸಿಟ್ಟೂ ಕಾಣುತ್ತದೆ. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿದೆ. ಒಂದು ಪ್ರಿಂಟು ಹಾಕಿ ನನ್ನ ಹಾಸಿಗೆಯ ಹತ್ತಿರ ಗೋಡೆಗೆ ಒರಗಿಸಿಕೊಂಡಿದ್ದೇನೆ. ಮಂಡ್ಯದವರು ನಿನ್ನನ್ನು ಒಪ್ಪುವುದಾದರೆ ಆ ಫೋಟೋ ನೋಡಿ ಒಪ್ಪಬೇಕು ಎನಿಸುತ್ತದೆ. ಕಳಿಸು ಎಂದು ನಾನು ಹೇಳುತ್ತಿಲ್ಲ. ಎನಿಸುತ್ತದೆ, ಅಷ್ಟೆ.

ನಿನ್ನ
ಚೆಲುವ


ಮದ್ದೂರು
೧೪ ಸೆಪ್ಟೆಂಬರ್ ೧೯೫೯

ಚೆಲುವ,

ಫೋಟೋ ಬಂತು. ನೋಡಿ ನನಗೆ ನಗು ಬಂತು. ಸಿನಿಮಾ ನಟಿಯ ತಂಗಿಯ ಹಾಗಿದ್ದೇನೆ.

ಅವ್ವನಿಗೆ ತೋರಿಸಿದೆ. ಅವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಒಳಗೆ ಹೋದಳು. ಒಲೆ ಮುಂದೆ ಕೂತು ಅಳುತ್ತಿದ್ದಳು. ಏನವ್ವ ಎಂದರೆ, "ಜರ ಬರೋಕ್ ಮುಂಚೆ ಇದ್ಲಲ್ಲ ನನ್ ಮಗ್ಳು, ಅವ್ಳು ಬೆಳ್ದಿದ್ರೆ ಇಂಗೇ ಇರೋಳು ಕಣವ್ವ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ನಿನ್ನ ಮೇಲೂ ಬಂತು. ಬೆಳೆದದ್ದು ನಾನು, ಎದುರಿಗೆ ನಿಂತಿದ್ದೆ.

ಇರಲಿ. ಫೋಟೋ ಮಂಡ್ಯಕ್ಕೆ ಹೋಯಿತು. ಇನ್ನು ಕಾಯುವುದು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ನಾನೇ ಮಧ್ಯೆ ಮರೆತುಬಿಡುತ್ತೇನೆ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಕಿಟಕಿಗೆ ಓಡುತ್ತೇನೆ. ಇಷ್ಟು ವಯಸ್ಸಾಗಿ ಹೀಗೆ ಆಡುತ್ತೇನಲ್ಲ ಎಂದು ನನಗೇ ನಾಚಿಕೆ.

ಆ ಇನ್ನೊಂದು ಫೋಟೋವನ್ನು ಗೋಡೆಯಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕು. ಯಾರಿಗೂ ತೋರಿಸಬೇಡ. ಅವನು ಬಂದು ನನ್ನನ್ನು ನೋಡುವ ಮೊದಲು ಆ ಮುಖ ಬೇರೆ ಯಾರ ಬಾಯಿಗೂ ಬೀಳಕೂಡದು. ಇದನ್ನು ನಗೆಯಾಡುತ್ತ ಬರೆದಿಲ್ಲ.

ಕಮಲ


ಮೈಸೂರು
೧ ಅಕ್ಟೋಬರ್ ೧೯೫೯

ಅಕ್ಕ,

ಆತುರದಲ್ಲಿ ಬರೆಯುತ್ತಿದ್ದೇನೆ. ಊರೆಲ್ಲ ದಸರಾ ಗಲಾಟೆ. ಸ್ಟುಡಿಯೋ ಮುಂದೆ ಹಳ್ಳಿಗಳ ಜನ ಸಾಲು ನಿಂತಿದ್ದಾರೆ, ಎಲ್ಲರಿಗೂ ಅರಮನೆಯ ಚಿತ್ರವಿರುವ ಪರದೆಯ ಮುಂದೆಯೇ ನಿಂತು ಫೋಟೋ ಬೇಕು.

ಸ್ಪರ್ಧೆಗೆ ಒಂದು ಫೋಟೋ ಕೊಟ್ಟುಬಿಟ್ಟೆ. ಯಾವುದನ್ನು ಕೊಡುವುದೆಂದು ತಿಳಿಯದೆ ಕೂತಿದ್ದೆ. ಕೊನೆಯ ದಿನ ತರಗತಿಯ ಮೇಷ್ಟ್ರು ನನ್ನ ಕೋಣೆಗೆ ಬಂದರು, ಅಲ್ಲಿದ್ದ ಒಂದನ್ನು ನೋಡಿದರು, ಇದನ್ನು ಕೊಡದಿದ್ದರೆ ನೀನು ಮುಠ್ಠಾಳ ಎಂದರು. ದೊಡ್ಡದು ಮಾಡಿ ಹಾಕಿದ್ದಾರೆ, ಆಳೆತ್ತರದ ಅರ್ಧವಿದೆ. ಯಾವುದು ಎಂದು ಈಗ ಹೇಳುವುದಿಲ್ಲ. ನೀನೇ ಬಂದು ನೋಡಿದಾಗ ಬೈಯಬಾರದು ಎಂದು ಮಾತ್ರ ಈಗಲೇ ಬೇಡಿಕೊಳ್ಳುತ್ತೇನೆ.

ಚೆಲುವ


ಮದ್ದೂರು
೫ ಅಕ್ಟೋಬರ್ ೧೯೫೯

ಚೆಲುವ,

ಮಂಡ್ಯದವರಿಗೆ ಫೋಟೋ ಹಿಡಿಸಿದೆ! ದಸರಾ ಕಳೆದ ಮೇಲೆ ಒಂದು ಒಳ್ಳೆಯ ದಿನ ನೋಡಿ ಮದ್ದೂರಿಗೆ ಬರುತ್ತಾರಂತೆ. ಅವ್ವ ಈಗಲೇ ಮನೆಗೆ ಸುಣ್ಣ ಹೊಡೆಸುತ್ತಿದ್ದಾಳೆ.

ದಸರಾಕ್ಕೆ ಅವರು ಮೈಸೂರಿಗೇ ಬರುತ್ತಿದ್ದಾರೆ, ತಾಯಿ ಮಗ ಇಬ್ಬರೂ. ಲಕ್ಷ್ಮೀಪುರಂನಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಳ್ಳುತ್ತಾರೆ, ವಿಳಾಸ ಈ ಕಾಗದದ ಬೆನ್ನ ಮೇಲಿದೆ. ಹೋಗಿ ಮಾತಾಡಿಸು, ಜಂಬೂಸವಾರಿಗೆ ಒಳ್ಳೆ ಜಾಗ ಹಿಡಿದುಕೊಡು, ವಸ್ತುಪ್ರದರ್ಶನ ತೋರಿಸು. ತಲೆ ಬಾಚಿಕೊಂಡು ಹೋಗು. ಫೋಟೋ ತೊಳೆಯುವ ಹೈಪೋ ವಾಸನೆಯ ನಿನ್ನ ಷರಟು ಬೇಡ.

ನಿನ್ನ ಸ್ಪರ್ಧೆಯ ಫೋಟೋ ಯಾವುದೆಂದು ನಾನು ಊಹಿಸಿದ್ದೇನೆ, ಕಣ್ಣು ಮುಚ್ಚಿಕೊಂಡ ಆ ಅಜ್ಜಿಯದೇ ತಾನೇ? ನನಗೆ ಎಷ್ಟು ಸಂತೋಷವಾಗಿದೆ ಎಂದರೆ ನಿನಗೆ ಬೈಯಲೂ ಮನಸ್ಸಿಲ್ಲ.

ನಿನ್ನ ಅಕ್ಕ,
ಕಮಲ


ಮೈಸೂರು
೧೩ ಅಕ್ಟೋಬರ್ ೧೯೫೯

ಅಕ್ಕ,

ಇದನ್ನು ಎಲ್ಲಿಂದ ಶುರು ಮಾಡಲಿ ತಿಳಿಯುತ್ತಿಲ್ಲ. ಸ್ಪರ್ಧೆಗೆ ಕೊಟ್ಟದ್ದು ನಿನ್ನ ಫೋಟೋ. ಪೆನ್ಸಿಲ್ಲು ತಾಗಿಸದ್ದು. ಮೊದಲನೇ ಬಹುಮಾನ ಬಂತು. ಅದನ್ನು ಮಂಡ್ಯದವರು ನೋಡಿದರು.

ನಿನ್ನ ಕಾಗದ ಕೈಗೆ ಬಂದ ಕೂಡಲೇ ಪ್ರದರ್ಶನಕ್ಕೆ ಓಡಿದೆ. ಇಳಿಸಿಕೊಡಿ ಎಂದು ಬೇಡಿಕೊಂಡೆ. ಅಲ್ಲಿನ ಮೇಲ್ವಿಚಾರಕ, "ಬಹುಮಾನದ ಪಟ, ಪ್ರದರ್ಶನ ಮುಗಿಯೋ ತಂಕ ಕದಲ್ಸಂಗಿಲ್ಲ" ಎಂದು ಕೈಯಾಡಿಸಿಬಿಟ್ಟ. ಸರಿ, ಅವರು ಆ ಕಡೆಗೇ ಬರದ ಹಾಗೆ ನೋಡಿಕೊಂಡರಾಯಿತು ಎಂದುಕೊಂಡೆ. ವಿಜಯದಶಮಿಯ ಮರುದಿನ ತಾಯಿ ಮಗನನ್ನು ಕರೆದುಕೊಂಡು ಹೋಗಿ ಬಳೆ ಅಂಗಡಿ, ಬೊಂಬೆ ಅಂಗಡಿ, ತಿರುಗುವ ತೊಟ್ಟಿಲು ಎಲ್ಲ ಸುತ್ತಿಸಿದೆ, ಚುರುಮುರಿ ತಿನ್ನಿಸಿದೆ. ಸುಸ್ತಾಗಿ ಮನೆಗೆ ಹೋಗೋಣ ಎನ್ನಲಿ ಎಂದು ಕಾದೆ. ಚಾಮುಂಡಮ್ಮ ಸುಸ್ತಾಗುವ ಹೆಂಗಸಲ್ಲ. ಆಗ ಎದುರಿಗೆ ಗುರುಮಲ್ಲಪ್ಪನವರು ಸಂಸಾರ ಸಮೇತ ಬಂದರು. "ಏನಯ್ಯ, ಫಸ್ಟ್ ಪ್ರೈಜ್ ಹೊಡ್ದಿದೀಯ, ಇವ್ರಿಗೆ ತೋರ್ಸಿದ್ಯೋ ಇಲ್ವೋ?" ಎಂದರು. ಚಾಮುಂಡಮ್ಮ ಅಲ್ಲೇ ನಿಂತುಬಿಟ್ಟರು. "ಅಯ್ಯೋ, ಯೋಳ್ಲೇ ಇಲ್ವಲ್ಲಪ್ಪ! ನಡಿ ಮತ್ತೆ."

ದೊಡ್ಡ ಫೋಟೋದ ಮುಂದೆ ಅವರು ಬಂದು ನಿಂತರು. ಮೊದಲು ಸೀರೆಯ ಅಂಚು ನೋಡಿದರು, ಆಮೇಲೆ ಕುರ್ಚಿಯ ಕೈ ನೋಡಿದರು. ನೆಂಟರಿಗೆ ತೋರಿಸಲೆಂದು ನಿನ್ನ ಸಣ್ಣ ಫೋಟೋವನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು ಅಕ್ಕ. ಅದನ್ನು ತೆಗೆದು ದೊಡ್ಡದರ ಪಕ್ಕಕ್ಕೆ ಹಿಡಿದರು. "ಯಾವ್ದಪ್ಪ ನಿಮ್ಮಕ್ಕ? ಇದಾ, ಅದಾ?" ಎಂದು ಕೇಳಿದರು. ನಾನು ದೊಡ್ಡದರ ಕಡೆ ಕೈ ತೋರಿಸಿದೆ.

ಅವರು ಕೂಗಾಡಲಿಲ್ಲ. "ಕಲೆ ಅದೆ ಅಂತ ಒಂದ್ ಮಾತು ಯೋಳಿದ್ರೆ ಆಗ್ತಿತ್ತು, ನಾವೇನ್ ಮನುಸ್ರಲ್ವ? ಇಂಗೆ ಮರೆ ಮಾಡಿ ಕಳ್ಸೋರ ಜೊತೆ ಎಂಗಪ್ಪ ನೆಂಟಸ್ತನ?" ಎಂದು ಸಣ್ಣ ಫೋಟೋವನ್ನು ನನ್ನ ಕೈಗೆ ಕೊಟ್ಟು ಹೊರಟರು. ಬಸವರಾಜು ಮುಂದೆ ಮುಂದೆ ನಡೆದುಬಿಟ್ಟ.

ನೀನು ಟ್ರಂಕಿನ ತಳಕ್ಕೆ ಹಾಕು ಎಂದಿದ್ದೆ. ನಾನು ಹಾಕಲಿಲ್ಲ. ಬೈದು ಬರಿ, ಬೇಗ ಬರಿ.

ಚೆಲುವ


ಮೈಸೂರು
೨೨ ಅಕ್ಟೋಬರ್ ೧೯೫೯

ಅಕ್ಕ,

ನಿನ್ನ ಕಾಗದವಿಲ್ಲ. ದಿನಾ ಟಪಾಲಿನವನ ದಾರಿ ಕಾಯುತ್ತೇನೆ. ಅವ್ವನಾದರೂ ಯಾರ ಕೈಲಾದರೂ ಎರಡು ಸಾಲು ಬರೆಸಬಾರದೇ? ಮಂಡ್ಯಕ್ಕೆ ಹೋಗಿ ಅವರ ಕಾಲಿಗೆ ಬೀಳಲೇ? ಹೇಳು, ಹೋಗುತ್ತೇನೆ. ನನಗೆ ಊಟ ಸೇರುತ್ತಿಲ್ಲ. ನಿನ್ನ ಮುಖ ಚೆನ್ನಾಗಿದೆ ಎಂದೇ ಅದನ್ನು ಕೊಟ್ಟದ್ದು, ಇದನ್ನಾದರೂ ನಂಬು.

ಚೆಲುವ


ಮದ್ದೂರು
೨೮ ಅಕ್ಟೋಬರ್ ೧೯೫೯

ಚೆಲುವರಾಜು,

ಕಳೆದ ಭಾನುವಾರ ನಾನು ಮೈಸೂರಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಸ್ಟೇಷನ್ನಿನಿಂದ ನೆಟ್ಟಗೆ ವಸ್ತುಪ್ರದರ್ಶನಕ್ಕೆ ಹೋದೆ.

ನಿನ್ನ ಫೋಟೋದ ಮುಂದೆ ಜನ ಸೇರಿದ್ದರು. ನಾನೂ ಅವರ ಜೊತೆ ನಿಂತೆ. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಕೆಳಗೆ ಚೀಟಿ ಓದಿದೆ. "ಗ್ರಾಮೀಣ ಸ್ತ್ರೀ. ಛಾಯಾಗ್ರಾಹಕ: ಚೆಲುವರಾಜು. ಪ್ರಥಮ ಬಹುಮಾನ."

ಗ್ರಾಮೀಣ ಸ್ತ್ರೀ! ನಾನು ಟ್ರೈನಿಂಗ್ ಮುಗಿಸಿ ನಾಲ್ಕನೇ ಕ್ಲಾಸಿಗೆ ಪಾಠ ಹೇಳುವ ಮೇಷ್ಟ್ರು. ನಿನಗೆ ಭಿನ್ನರಾಶಿ ಕಲಿಸಿದವಳು. ನನ್ನ ಹೆಸರು ಬರೆಯಲು ನಿನಗೆ ಏನು ಕಷ್ಟವಾಗಿತ್ತು?

ನನ್ನ ಪಕ್ಕ ನಿಂತಿದ್ದ ಹೆಂಗಸು ಗಂಡನಿಗೆ, "ಪಾಪ ಕಣ್ರೀ, ಅದೆಷ್ಟು ಕಷ್ಟಪಟ್ಟಿದ್ದಾಳೋ" ಎಂದಳು. ಏನು ಕಷ್ಟ? ಅವತ್ತು ಬೆಳಿಗ್ಗೆ ನಾನು ಇಡ್ಲಿ ತಿಂದು ರೈಲು ಹತ್ತಿದ್ದೆ. ಗಂಡ ಚೀಟಿ ಓದಿ, "ಯಾರೋ ಚೆಲುವರಾಜು ಅಂತೆ, ಒಳ್ಳೆ ಕೈ ಇದೆ" ಎಂದ. ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿದಳು. ಗುರುತು ಹಿಡಿದಳು ಎಂದುಕೊಂಡೆ. ಅವಳು, "ಸ್ವಲ್ಪ ಆ ಕಡೆ ಸರೀತೀರಾ, ಕಾಣಿಸ್ತಾ ಇಲ್ಲ" ಎಂದಳು. ನಾನು ಸರಿದು ನಿಂತೆ.

ಅಲ್ಲಿದ್ದಷ್ಟು ಹೊತ್ತು ಎಷ್ಟೋ ಜನ ನಿನ್ನ ಹೆಸರು ಓದಿದರು. ಒಬ್ಬರೂ ಇವಳು ಯಾರು ಎಂದು ಕೇಳಲಿಲ್ಲ. ನಾನು ಎದುರಿಗೇ ಇದ್ದೆ.

ಸಂಬಂಧ ಮುರಿಯಿತು ಎಂದು ನಾನು ಬರೆಯುತ್ತಿಲ್ಲ. ಅದರ ಸಂಕಟ ಬೇರೆ, ಅದನ್ನು ನಾನು ನುಂಗುತ್ತೇನೆ. ನಾನು ನಿನ್ನನ್ನು ಒಂದು ಕೇಳಿಕೊಂಡಿದ್ದೆ, ಯಾರಿಗೂ ತೋರಿಸಬೇಡ ಎಂದು. ನೀನು ಊರಿಗೆಲ್ಲ ತೋರಿಸಿ, ನಿನ್ನ ಮುಖ ಚೆನ್ನಾಗಿದೆ ಅಕ್ಕ, ನಂಬು ಎನ್ನುತ್ತೀಯ. ಮುಖ ಯಾರದು ಚೆಲುವ?

ಸದ್ಯಕ್ಕೆ ನನಗೆ ಬರೆಯಬೇಡ.

ಕಮಲ


ಮೈಸೂರು
೮ ನವೆಂಬರ್ ೧೯೫೯

ಅಕ್ಕ,

ಬರೆಯಬೇಡ ಎಂದಿದ್ದೀಯ, ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೂ ಸರಿಯೇ.

ನಿನ್ನ ಕಾಗದ ಬಂದ ದಿನವೇ ಹೋಗಿ ಚೀಟಿಯಲ್ಲಿ ನಿನ್ನ ಹೆಸರು ಹಾಕಿ ಎಂದೆ. ಆಗುವುದಿಲ್ಲ ಎಂದರು. ಆ ವಿಭಾಗಕ್ಕೆ ಗ್ರಾಮೀಣ ಬದುಕು ಎಂದೇ ಹೆಸರಂತೆ, ಅದರಲ್ಲಿ ಮೇಷ್ಟರಮ್ಮ ಬರುವ ಹಾಗಿಲ್ಲವಂತೆ. ನಿನ್ನನ್ನು ಆ ವಿಭಾಗಕ್ಕೆ ಸೇರಿಸಿ ಅರ್ಜಿ ಬರೆದವನು ನಾನೇ. ಮಧ್ಯಾಹ್ನ ಜನ ಕಡಿಮೆಯಿದ್ದಾಗ ಕುರ್ಚಿ ಹತ್ತಿ ಫೋಟೋ ಇಳಿಸಿಕೊಂಡು ಹೊರಟುಬಿಟ್ಟೆ. ಗೇಟಿನ ಹತ್ತಿರ ಹಿಡಿದರು. ಜೋರು ಗಲಾಟೆಯಾಯಿತು. ಬಹುಮಾನ ರದ್ದಾಯಿತು, ತರಗತಿಯ ಮೇಷ್ಟ್ರು ನನ್ನ ಮುಖ ನೋಡುತ್ತಿಲ್ಲ. ಇದನ್ನು ಹೇಳಿ ನಿನ್ನಿಂದ ಶಭಾಷ್ ಎನ್ನಿಸಿಕೊಳ್ಳುವ ಆಸೆಯಿಲ್ಲ. ನಡೆದದ್ದು ಹೇಳಿದೆ.

ಗುರುಮಲ್ಲಪ್ಪನವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. "ಮೊದ್ಲು ಕೇಳ್ಬೇಕಾಗಿತ್ತು ಕಣಯ್ಯ" ಎಂದು ಒಳಗೆ ಹೋದರು.

ಹಾಸ್ಟೆಲಿನ ಫೋಟೋಗಳ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೇನೆ. ಬನ್ನಿಮಂಟಪ, ಲಷ್ಕರ್, ಎಲ್ಲಿಗೆ ಹೋದರೂ ಗುಂಡಿ ಅದುಮಲು ಕೈ ಬರುವುದಿಲ್ಲ. ಹೇಗೆ ಕೂರುತ್ತೀರಿ, ಏನು ಕಾಣಬೇಕು, ಏನು ಕಾಣಬಾರದು ಎಂದು ಕೇಳುತ್ತ ನಿಲ್ಲುತ್ತೇನೆ. ಮನೆಯವರಿಗೇ ಬೇಜಾರಾಗಿ, "ಬೇಗ ತಗ್ದು ಓಗಪ್ಪ, ಕೆಲ್ಸ ಐತೆ" ಎನ್ನುತ್ತಾರೆ. ಕಾಳಯ್ಯ ಎಂಬ ಗಾರೆ ಕೆಲಸದವರು ಮಗನ ಕೋಟು ಹಾಕಿಕೊಂಡೇ ಕೂರುತ್ತೇನೆ ಎಂದರು, ಕೈಬೆರಳ ಸುಣ್ಣದ ಬಿರುಕು ಮಾತ್ರ ಕಾಣಕೂಡದಂತೆ. ಪೆನ್ಸಿಲ್ಲು ಹಿಡಿದು ಮುಚ್ಚಿದೆ. ಕೋಟು ಬಿಗಿಯಾಗಿತ್ತು, ಆದರೂ ಅವರಿಗೆ ಬಹಳ ಸಂತೋಷವಾಯಿತು. ಬೀರಮ್ಮನ ಮನೆಗೆ ಇನ್ನೊಂದು ಸಲ ಹೋಗಿ ಕಣ್ಣು ಬಿಟ್ಟಿರುವುದೊಂದು ತೆಗೆದುಕೊಟ್ಟೆ. ಎಲ್ಲರ ಹೆಸರನ್ನೂ ಅವರು ಹೇಳಿದ ಹಾಗೆ ಕೆಳಗೆ ಬರೆಯುತ್ತಿದ್ದೇನೆ.

ಮಂಡ್ಯದ ಮನೆಯವರಿಗೆ ನಾನೇ ಬರೆಯಲೇ? ನಿನ್ನನ್ನು ಕೇಳದೆ ಬರೆಯುವುದಿಲ್ಲ.

ನಿನ್ನ ತಮ್ಮ,
ಚೆಲುವರಾಜು


ಮೈಸೂರು
೨೦ ಡಿಸೆಂಬರ್ ೧೯೫೯

ಅಕ್ಕ,

ಏನನ್ನೂ ಕೇಳುವುದಿಲ್ಲ. ಬದುಕಿದ್ದೀರಿ ತಾನೇ ಇಬ್ಬರೂ?

ಚೆಲುವ


ಮದ್ದೂರು
೧೭ ಜನವರಿ ೧೯೬೦

ಚೆಲುವ,

ಬದುಕಿದ್ದೇವೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದಕ್ಕೆ ಕಾರಣ ನೀನಲ್ಲ, ನಾನು. ಈ ಮೂರು ತಿಂಗಳು ನಾನು ನಿನಗೆ ಒಂದು ವಿಷಯ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ, ನನಗೇ ಇತ್ಯರ್ಥವಾಗಿರಲಿಲ್ಲ.

ಪ್ರದರ್ಶನ ನೋಡಿದ ಆ ಭಾನುವಾರ ವಾಪಸು ಬರುವಾಗ ರೈಲು ಮಂಡ್ಯದಲ್ಲಿ ನಿಂತಿತು. ಎದ್ದು ಇಳಿದುಬಿಟ್ಟೆ. ಅಷ್ಟು ಜನ ನನ್ನ ಮುಖ ನೋಡಿದ ಮೇಲೆ ಇನ್ನು ಮುಚ್ಚುವುದೇನು ಎಂದು ಭಂಡ ಧೈರ್ಯ ಬಂದಿತ್ತು. ದಾರಿ ಕೇಳಿಕೊಂಡು ಅವರ ಮನೆಗೆ ಹೋಗಿ ಬಾಗಿಲು ತಟ್ಟಿದೆ.

ಚಾಮುಂಡಮ್ಮನೇ ಬಾಗಿಲು ತೆಗೆದದ್ದು. ನೋಡಿದ ಕೂಡಲೇ ಗುರುತು ಹಿಡಿದರು, ಅಷ್ಟರ ಮಟ್ಟಿಗೆ ನಿನ್ನ ದೊಡ್ಡ ಫೋಟೋ ಉಪಕಾರ ಮಾಡಿತು. "ನೋಡೋಕೆ ನೀವು ಬರಬೇಕಾಗಿತ್ತು, ಬರಲಿಲ್ಲ. ಅದಕ್ಕೆ ನಾನೇ ಬಂದೆ" ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಬಂದೋರ್ನ ಬಾಗ್ಲಲ್ ನಿಲ್ಸೋ ಮನೆ ಅಲ್ಲ ನಮ್ದು, ಬಾ ಒಳಕೆ" ಎಂದರು. ಕಾಫಿ ಕೊಟ್ಟರು. ಫೋಟೋ ತಿದ್ದಿಸಿದ್ದು ನಾನು, ತಮ್ಮನಲ್ಲ, ನೀವು ಬರಲಿ ಎಂಬ ಆಸೆಗೆ ತಿದ್ದಿಸಿದೆ ಎಂದು ಒಪ್ಪಿಕೊಂಡೆ. ಅವರು ಬೈದರು. ಬೈಯುತ್ತ ಬೈಯುತ್ತ ತಟ್ಟೆಗೆ ಇನ್ನೊಂದು ಕೋಡುಬಳೆ ಹಾಕಿದರು. ಒಳ್ಳೆಯ ಹೆಂಗಸು. ಆಮೇಲೆ, "ನಂಗೆ ಕಲೆ ಒಂದ್ ದೊಡ್ಡದಲ್ಲ ಕಣವ್ವ. ಇವ್ನೇನಂತಾನೆ ಕೇಳು" ಎಂದು ಮಗನನ್ನು ಕರೆದು ಕೂರಿಸಿ ತಾವು ಒಳಗೆ ಹೋದರು.

ಅರ್ಧ ಗಂಟೆ ಕೂತಿದ್ದೆವು. ನಾನು ಶಾಲೆಯ ಬಗ್ಗೆ ಹೇಳಿದೆ, ಅವನ ಆಫೀಸಿನ ಬಗ್ಗೆ ಕೇಳಿದೆ. ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರ ಕೊಟ್ಟ. ಆದರೆ ಉತ್ತರವನ್ನೆಲ್ಲ ನನ್ನ ಹಿಂದಿನ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿಗೆ ಕೊಟ್ಟ. "ನಿಮಗೆ ಏನನ್ನಿಸುತ್ತದೆ, ನನ್ನ ಮುಖ ನೋಡಿ ಹೇಳಿ" ಎಂದೆ. "ಅಮ್ಮ ಹೇಳ್ದಂಗೆ" ಎಂದ, ಕ್ಯಾಲೆಂಡರ್ ನೋಡಿಕೊಂಡೇ. ಬೇಡವೆಂದೂ ಅಲ್ಲ, ಅಸಹ್ಯವೂ ಅಲ್ಲ. ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಚಾಮುಂಡಮ್ಮ ಹೇಳಿ ಕಳಿಸಿದರು. ಒಪ್ಪಿದ್ದಾರೆ. ಹುಡುಗನೂ ಒಪ್ಪಿದ್ದಾನೆ, ಲಗ್ನ ಇಡಿಸಿ ಎಂದರು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು.

ನಾನು ಎರಡು ತಿಂಗಳು ಹೂಂ ಎನ್ನಲಾರದೆ, ಊಹೂಂ ಎನ್ನಲಾರದೆ ಒದ್ದಾಡಿದೆ. ಎಷ್ಟು ಬೇಕಾಗಿತ್ತು ನನಗೆ ಅದು, ನಿನಗೆ ಗೊತ್ತಿಲ್ಲ. ಸಂಜೆ ಶಾಲೆಯಿಂದ ಬರುವಾಗ ದಾರಿಯಲ್ಲಿ ಹೂಂ ಎಂದುಕೊಳ್ಳುತ್ತಿದ್ದೆ, ಮನೆ ಬರುವಷ್ಟರಲ್ಲಿ ಆ ಕ್ಯಾಲೆಂಡರ್ ಕಣ್ಣಿಗೆ ಕಟ್ಟುತ್ತಿತ್ತು. ಗೋಡೆ ನೋಡಿಕೊಂಡು ಉಣ್ಣುವವನಿಗೆ ಬದುಕಿಡೀ ಬಡಿಸುವುದು ನನ್ನಿಂದ ಆಗುವುದಿಲ್ಲ. ಸಂಕ್ರಾಂತಿ ಹಬ್ಬದ ಮಾರನೆಯ ದಿನ ಬೇಡ ಎಂದು ಹೇಳಿ ಕಳಿಸಿದೆ. ಬಹಳ ಅತ್ತೆ. ಈಗ ಅಳು ನಿಂತಿದೆ. ಇನ್ನೊಂದು ಸಂಬಂಧ ಬರುತ್ತದೋ ಇಲ್ಲವೋ ಕಾಣೆ.

ಇದನ್ನು ಓದಿ, ಸದ್ಯ, ಅಕ್ಕನ ಮದುವೆ ತಪ್ಪಿಸಿದವನು ನಾನಲ್ಲ ಎಂದು ನೀನು ಕಾಲು ಚಾಚಿ ಮಲಗಬೇಡ. ಮದುವೆ ತಪ್ಪಿದ್ದರಲ್ಲಿ ನಿನ್ನ ಪಾಲಿಲ್ಲ ಎಂಬುದು ನಿಜ, ಅದನ್ನು ಹೇಳದೆ ಇಷ್ಟು ದಿನ ನಿನ್ನನ್ನು ಒದ್ದಾಡಿಸಿದ್ದೂ ನಿಜ. ಆದರೆ ನೀನು ನನ್ನನ್ನು ಕೇಳದೆ ಮಾಡಿದ್ದು ಹಾಗೇ ಇದೆ. ಅದರ ಸಿಟ್ಟು ಹಾಗೇ ಇದೆ. ಇನ್‌ಲ್ಯಾಂಡ್ ಕಾಗದದಲ್ಲಿ ಬರೆದು ತೀರುವಂಥದ್ದಲ್ಲ ಅದು.

ಬರುವ ಭಾನುವಾರ ಮದ್ದೂರಿಗೆ ಬಾ. ಕ್ಯಾಮೆರಾ ತರಬೇಡ. ಅವ್ವನಿಗೂ ನನಗೂ ನಡುವೆ ಮಾತಾಡಲು ಒಬ್ಬರು ಬೇಕಾಗಿದ್ದಾರೆ, ಅದೂ ಒಂದು ಕೆಲಸ. ಊಟವಾದ ಮೇಲೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ, ಮಧ್ಯಾಹ್ನ ಪೂರ್ತಿ ಹಿಡಿಯಬಹುದು. ಅಷ್ಟು ಹೊತ್ತೂ ನೀನು ನನ್ನ ಮುಖ ನೋಡುತ್ತಿರಬೇಕು. ಒಂದು ಸಲ ಕಣ್ಣು ತಗ್ಗಿಸಿದರೂ ಮೊದಲಿನಿಂದ ಶುರು ಮಾಡುತ್ತೇನೆ.

ನಿನ್ನ ಅಕ್ಕ,
ಕಮಲ